ದಿನಕ್ಕೆ ಹನ್ನೆರಡು ಲಗ್ನ

ಕಾಯಾನಿ ಪಟ್ಟಣದಲ್ಲಿ ಡಿಸೆಂಬರಿನ ಸೂರ್ಯ
ಒಂಬತ್ತೂವರೆ ದಾಟಿದ ಮೇಲೆ ಎದ್ದು
ಎರಡಕ್ಕೆಲ್ಲ ಅಂಗಡಿ ಮುಚ್ಚುತ್ತಾನೆ.
ಸರೋವರದ ಮೇಲೆ ಮಂಜುಗಡ್ಡೆ, ಅದರ ಮೇಲೆ ಹಿಮ,
ಅದರ ಮೇಲೆ ನೀಲಿ.

ನೆಲಮಾಳಿಗೆಯ ಪೆಟ್ಟಿಗೆಯೊಳಗೆ ಮಾತ್ರ
ಮಧ್ಯಾಹ್ನ ಮುಗಿಯುವುದಿಲ್ಲ.
ಜೆನಾನ್ ದೀಪವೊಂದು ನಡುವೆ ನಿಂತಿದೆ,
ಪ್ರದಕ್ಷಿಣೆ ಹಾಕುತ್ತಿವೆ ಇಪ್ಪತ್ತನಾಲ್ಕು ಚೂರು:
ಮೀನಿನ ಕ್ರೇಟಿನ ಕಿತ್ತಳೆ,
ದೋಣಿಗಟ್ಟೆಯ ಕುರ್ಚಿಯ ಕೆಂಪು,
ಟೊಮೇಟೊ ಬೆಳೆಯುವ ಗಾಜುಮನೆಗೆ ಗಾಜಿನ ಬದಲು ಬಂದ ಪೊರೆ,
ಶಿಶುವಿಹಾರದ ಜಾರುಬಂಡೆಯ ಹಳದಿ.
ನೂರೆರಡು ನಿಮಿಷ ಒಣ ಬಿಸಿಲು,
ಮತ್ತೆ ಹದಿನೆಂಟು ನಿಮಿಷ ಅದೇ ಬಿಸಿಲಿನಲ್ಲಿ ಮಳೆ.
ಮಳೆ ಬಿಸಿಲು ಕೂಡಿದರೆ ಕಾಗೆ ನರಿಯ ಮದುವೆಯಂತೆ;
ಇಲ್ಲಿ ದಿನಕ್ಕೆ ಹನ್ನೆರಡು ಲಗ್ನ,
ವಾಲಗವಿಲ್ಲ, ಪಂಪಿನ ಗುಂಯ್ ಒಂದು ಬಿಟ್ಟರೆ.

ಒನೆರ್ವಾ ಇದನ್ನು ಮೂವತ್ತೊಂದು ವರ್ಷದಿಂದ ನೋಡಿಕೊಂಡಿದ್ದಾಳೆ.
ಕಪ್ಪು ಕನ್ನಡಕ, ಉಣ್ಣೆಯ ಕಾಲುಚೀಲ.
ಪೆಟ್ಟಿಗೆಯ ಬೆನ್ನಿಗೆ ಒದ್ದೆ ಕೈಗವಸು ಒಣಹಾಕುತ್ತಾ,
ಇದು ನಿಯಮದ ಪುಸ್ತಕದಲ್ಲಿಲ್ಲ,
ಹೊಸ ಹುಡುಗ ಎಲ್ಯಾಸನಿಗೆ ಹೇಳುತ್ತಾಳೆ:
ಕುರ್ಚಿಯವರಿಗೆ ಹತ್ತು ವರ್ಷದ ಗ್ಯಾರಂಟಿ ಬೇಕು,
ನಮ್ಮ ಹತ್ತಿರ ಇರುವುದು ಹನ್ನೆರಡು ವಾರ.
ಇಷ್ಟು ಗಂಟೆಗೆ ಇಷ್ಟು ವರ್ಷ ಅಂತ ಲೆಕ್ಕವಿದೆಯಾ?
ಬಂದವರೆಲ್ಲ ಅದನ್ನೇ ಕೇಳುತ್ತಾರೆ.
ಇಲ್ಲ.

ಅವಳ ಕೂದಲೇನೂ ಬಿಸಿಲಿಗೆ ನರೆತದ್ದಲ್ಲ.
ಕೆಂಪು ಕುರ್ಚಿ ಮಾತ್ರ ಬಿಸಿಲಿಗೇ ನರೆಯಿತು.
ಐನೂರನೆಯ ಗಂಟೆಗೆ ಹೊಳಪು ಹೋಯಿತು,
ಎಂಟುನೂರಕ್ಕೆ ಬೆರಳಿಗೆ ಸುಣ್ಣದಂಥ ಪುಡಿ,
ಸಾವಿರದ ಮುನ್ನೂರಕ್ಕೆ ಸ್ವಲ್ಪ ಬಗ್ಗಿಸಿದ್ದೇ ತಡ
ಹಪ್ಪಳದ ಹಾಗೆ ಟಪ್.

ಇನ್ನು ಹೋಲಿಸಿ ನೋಡುವುದು.
ಪ್ರತಿ ಚೂರಿಗೂ ಒಂದು ಒಡಹುಟ್ಟು ಇದೆ,
ಅದೇ ಅಚ್ಚು, ಅದೇ ದಿನದ ಎರಕ,
ಬೆಳ್ಳಿಹಾಳೆ ಸುತ್ತಿ
ಡ್ರಾಯರಿನ ಕತ್ತಲಲ್ಲಿ ಮಲಗಿಸಿದ್ದು, ಏನೂ ಕಾಣದ್ದು.
ಎಲ್ಯಾಸ್ ಒಂದೊಂದೇ ಬಿಡಿಸಿದ.
ಕೆಂಪು ಕೆಂಪಾಗಿಯೇ ಇತ್ತು. ಕಿತ್ತಳೆಯೂ ಸರಿ.
ಇಪ್ಪತ್ತೆರಡನೆಯದು ಬಿಳಿ, ಆಸ್ಪತ್ರೆಯ ಕಿಟಕಿ ಚೌಕಟ್ಟಿನದು:
ದೀಪದ ಎದುರು ಸುತ್ತಿದ್ದು ಹಾಲಿನಂತೆ ಬೆಳ್ಳಗಿದೆ,
ಡ್ರಾಯರಿನದು
ಹಳೆಯ ಹಲ್ಲಿನ ಹಳದಿ.

ಅದಲುಬದಲು ಮಾಡಿದೆನೇನೋ ಎಂದು ಹುಡುಗ ಬೆವೆತ.
ಒನೆರ್ವಾ ಬೆನ್ನಿನ ನಂಬರು ತಿರುಗಿಸಿ ನೋಡಿದಳು, ಇಲ್ಲ.
ಕೆಲವು ಹೀಗೇ, ಅಂದಳು,
ಮುಚ್ಚಿಟ್ಟರೆ ಹಣ್ಣಾಗುತ್ತವೆ.
ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.
ಮೂಲ ಬಣ್ಣದಿಂದ ಎಷ್ಟು ದೂರ ಎಂದು ಕಾಗದ ಕೇಳುತ್ತದೆ;
ಇಲ್ಲಿ ಮೂಲವೇ ಎದ್ದು ನಡೆದುಬಿಟ್ಟಿದೆ.

ಗಂಟೆ ಎರಡಾಯಿತು. ಹೊರಗೆ ಬೀದಿದೀಪ ಹತ್ತಿಕೊಂಡವು.
ಬರುವ ಬೇಸಿಗೆವರೆಗೆ ಇರಲಿ, ನೋಡೋಣ ಎಂದು
ಆ ಹಳದಿ ಚೂರನ್ನು ಮೆಟ್ಟಿಲ ಬಳಿಯ ಕಿಟಕಿಯಲ್ಲಿ ಒರಗಿಸಿಟ್ಟು
ಅವಳು ಕೈಗವಸು ತೆಗೆದುಕೊಂಡಳು.
ಬೆಚ್ಚಗಿತ್ತು,
ಒಂದು ಬದಿ ಮಾತ್ರ.