ಅತಿಥಿಗಳ ಸಾಲು

ಇನ್ನೂರ ಹನ್ನೊಂದಕ್ಕೆ ನೂರ ತೊಂಬತ್ತು.
ನೆಬ್ರಾಸ್ಕದ ನಕ್ಷೆಯಲ್ಲಿ ಗೆರೆಯೊಂದು ಅಳಿಸಿತು,
ಎರಡು ಸ್ಕೂಲ್ ಡಿಸ್ಟ್ರಿಕ್ಟು ಒಂದಾಯಿತು.

ಹೈಸ್ಕೂಲಿನ ನೆಲ ಒರೆಸುತ್ತಿದ್ದ
ಲವಾನ್ ಸ್ಟೂರ್ ಕೈಲಿ ಉಳಿದದ್ದು
ಮೂವತ್ತೇಳು ಕೀಲಿ.
ಜಿಮ್ಮಿನ ಗೋಡೆಯ ಬ್ಯಾಜರಿಗೆ
ತಾನೇ ಸುಣ್ಣ ಬಳಿದಳು.
ಎರಡು ಸಲ ಬಳಿದರೂ
ಉಗುರು ಇಣುಕುತ್ತಿತ್ತು,
ಹೋಗಲಿ ಎಂದು ಬಿಟ್ಟಳು.

ಈಗ ಮೊಮ್ಮಗ ಟ್ರೆಂಟ್
ನಸುಕಿಗೇ ಬಸ್ಸು ಹತ್ತುತ್ತಾನೆ,
ಜೋಳದ ಕೂಳೆಹೊಲ ದಾಟಿ
ನಲವತ್ತೊಂದು ಮೈಲಿ,
ಯಾವ ಊರ ಹೆಸರೆತ್ತಿದರೆ
ಕೂಗಿ ಅಣಕಿಸಬೇಕೆಂದು
ಇವಳೇ ಕಲಿಸಿದ್ದಳೋ
ಆ ಊರಿಗೆ.

ಶುಕ್ರವಾರ ಮೊದಲ ಆಟ.
ರೂಢಿಬಿದ್ದ ಕಾಲು ಕರೆದೊಯ್ದು
ಅತಿಥಿಗಳ ಸಾಲಲ್ಲಿ ಕೂರಿಸಿತು.

ಅವನ ಚೆಂಡು ಬುಟ್ಟಿಗೆ ಬಿತ್ತು.
ಸುತ್ತ ಯಾರೂ ಮಿಸುಕಲಿಲ್ಲ.
ಒಬ್ಬಳೇ ಎದ್ದಳು.
ಇನ್ನೂ ವಾಪಸು ಕೊಡದ ಗೊಂಚಲು
ಸೊಂಟದಲ್ಲಿ ಝಲ್ಲೆಂದಿತು.