ಆರು ಕಂಬ ಆಚೆ

ಕಕ್ಕಬ್ಬೆಯಿಂದ ಫೋನು: ದೀಪ ಇಲ್ಲ, ಬೇಗ ಬಾ.
ಹೋಗಿ ನೋಡಿದರೆ ಬಲ್ಬು ನೆಟ್ಟಗಿದೆ, ಫ್ಯೂಸು ನೆಟ್ಟಗಿದೆ,
ಮೀಟರು ಪಾಪ, ಏನೂ ಅರಿಯದ ಕೂಸು.
ಆರು ಕಂಬ ಆಚೆ, ಯಾರೂ ನಡೆಯದ ಏಲಕ್ಕಿ ಮಲೆಯಲ್ಲಿ
ಬೈನೆ ಮರದ ಒಂದು ಗರಿ
ತಂತಿಯ ಮೇಲೆ ಮಲಗಿರುತ್ತದೆ.
ಕತ್ತಲೆ ಇಲ್ಲಿ. ಕಾರಣ ಅಲ್ಲಿ.
ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಅನ್ನ.

ಆದರೂ ಎಡಗೈ ಹೆಬ್ಬೆರಳು ಉರಿಯತೊಡಗಿದಾಗ
ಹೆಬ್ಬೆರಳಿಗೇ ಮುಲಾಮು ತಿಕ್ಕಿದೆ.
ಮೊಣಕೈಗೆ ಹತ್ತಿತು; ಮೊಣಕೈಗೆ ಪಟ್ಟಿ ಕಟ್ಟಿದೆ.
ರಾತ್ರಿ ತೋಳು, ಯಾರೋ ಒಳಗಿನಿಂದ ತಂತಿ ಎಳೆದ ಹಾಗೆ.
ಕಟಿಂಗ್ ಪ್ಲೇಯರ್ ಕೈಜಾರಿದ್ದು ಎರಡು ಸಲ.
ಕೆಳಗೆ ನಿಂತ ಮೊಯ್ದು ಒಮ್ಮೆ ತಪ್ಪಿಸಿಕೊಂಡ,
ಒಮ್ಮೆ ಬೈದ.

ವಿರಾಜಪೇಟೆಯ ಗೊಬ್ಬರದಂಗಡಿಯ ಮಹಡಿ ಮೇಲೆ
ಆಸ್ಟಿಯೋಪತಿಯ ಬೊಳ್ಳಮ್ಮ
ಮುಟ್ಟುವ ಮೊದಲೇ ಕೇಳಿದಳು:
ಎದೆ ಬಿಗಿಯುತ್ತದೆಯೇ? ಏರು ಹತ್ತಿದರೆ ಉಸಿರು?
ಎಡತೋಳು ಹೃದಯದ ದೂರನ್ನೂ ಹೊರುತ್ತದೆ,
ಮೊದಲು ಇಸಿಜಿ ಮಾಡಿಸಿ ಬನ್ನಿ,
ನಾನೆಲ್ಲೂ ಓಡಿಹೋಗುವುದಿಲ್ಲ.
ಮಡಿಕೇರಿ ಆಸ್ಪತ್ರೆಯಲ್ಲಿ ನನ್ನೆದೆಗೆ ತಂತಿ ಅಂಟಿಸಿದರು.
ನನಗೇ ತಂತಿ!
ಕಾಗದದ ಮೇಲೆ ಗುಡ್ಡಸಾಲು ಬಂತು,
ಎಲ್ಲೂ ಕುಸಿದಿರಲಿಲ್ಲ.

ಆಮೇಲೆ ಮಲಗಿಸಿದಳು. ಹೆಬ್ಬೆರಳನ್ನು ನೋಡಲೇ ಇಲ್ಲ.
ಕತ್ತಿನ ಬುಡದಲ್ಲಿ, ಮೊದಲ ಪಕ್ಕೆಲುಬಿನ ಸಂದಿಯಲ್ಲಿ
ಬೆರಳಿಟ್ಟು ಕಾದಳು,
ಹಾಲು ಉಕ್ಕುವುದನ್ನು ಕಾಯುವವರ ಹಾಗೆ.
ಮತ್ತೆ ಇಷ್ಟೇ ಇಷ್ಟು ಒತ್ತಿದಳು.
ಝಗ್ಗೆಂದು ಹೊತ್ತಿತು ಹೆಬ್ಬೆರಳು, ಎರಡೂವರೆ ಅಡಿ ಆಚೆ!
ಅಲ್ಲೇ, ಎಂದೆ.
ಇಲ್ಲೇ, ಎಂದಳು.

ಮೇಲೆ ನೋಡುವ ಕೆಲಸವೇ ನಿಮ್ಮದು?
ಕಂಬ, ಕಂಬ, ಕಂಬ. ಕತ್ತೆತ್ತಿ ನಿಂತ ಇಪ್ಪತ್ತೆರಡು ವರ್ಷ
ನರವೊಂದರ ಮೇಲೆ ಗರಿಯ ಹಾಗೆ ಬಿದ್ದಿತ್ತು.
ಮೆದುಳಿಗೂ ವಿಳಾಸ ಸರಿಯಾಗಿ ತಿಳಿಯದಂತೆ.
ಒಂದೇ ಫೀಡರಿನಲ್ಲಿ ಹತ್ತು ಊರು,
ಕೂಗಿದವರ ಹೆಸರಿಗೇ ಬೇನೆ ಬರೆದುಕೊಳ್ಳುತ್ತದಂತೆ.
ನಗು ಬಂತು.
ನಾಪೋಕ್ಲು ಸೆಕ್ಷನ್ನಿನ ರಿಜಿಸ್ಟರೂ ಹಾಗೇ.

ಐದು ಸಲ ಹೋದೆ. ನಾಲ್ಕಾಣೆ ನೋವು ಇನ್ನೂ ಇದೆ, ಸುಳ್ಳು ಹೇಳಲಾರೆ.
ಅವಳು ಮಾತು ಕೊಟ್ಟದ್ದೂ ಇಷ್ಟೇ:
ದಾರಿ ಬಿಡಿಸುತ್ತೇನೆ, ನಡೆಯಬೇಕಾದ್ದು ನಿಮ್ಮ ಮೈ.
ಈಗ ಕಂಬದ ಬುಡದಲ್ಲಿ ಗಲ್ಲ ತಗ್ಗಿಸಿ ಹತ್ತು ಎಣಿಸುತ್ತೇನೆ.
ಮೊಯ್ದು ಅದನ್ನು ಪ್ರಾರ್ಥನೆ ಅಂದುಕೊಂಡಿದ್ದಾನೆ.

ಮನೆಯಲ್ಲಿ ದೇಚಮ್ಮನದೊಂದು ದೂರು: ಗೇಟು ಕಿರುಗುಟ್ಟುತ್ತದೆ.
ಮೇ ತಿಂಗಳಿಂದ ಎರಡು ಸಲ ಎಣ್ಣೆ ಬಿಟ್ಟಿದ್ದೇನೆ.
ನಿನ್ನೆ ಮತ್ತೆ ಹೇಳಿದಳು. ಬಾಟಲಿ ಎತ್ತಿಕೊಂಡವನು
ಹಾಗೇ ಕೆಳಗಿಟ್ಟೆ.
ಅವಳ ತಮ್ಮ ತೀರಿಕೊಂಡದ್ದು ಏಪ್ರಿಲಿನಲ್ಲಿ.

ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತೆ.
ಗಾಳಿಗೆ ಗೇಟು ಒಂದೆರಡು ಸಲ ಕೂಗಿತು.
ಬಹಳ ಹೊತ್ತಿನ ಮೇಲೆ
ಊಟ ಮಾಡ್ತೀರಾ, ಎಂದಳು.