ರಾಹುಕಾಲದ ಕೇಸು

ಸೋಮವಾರ ಬೆಳಿಗ್ಗೆ
ಅಶೋಕಪುರಂ ವರ್ಕ್‌ಶಾಪಿನ ಸೈರನ್ನು ಕೂಗಿದಾಗ
ನಮ್ಮ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಇರುತ್ತಿತ್ತು,
ಏನೂ ಆಗಿಲ್ಲವೆಂಬಂತೆ ಲೋಲಕ ಆಡಿಸಿಕೊಂಡು.

ಅಪ್ಪನಿಗೆ ಅದು ಮಾನದ ಪ್ರಶ್ನೆ.
ಮೂವತ್ತೊಂದು ವರ್ಷ ಫಿಟ್ಟರ್, ಒಂದು ದಿನ ತಡವಿಲ್ಲ.
ಶಿವರಾಂಪೇಟೆಯ ರಿಪೇರಿಯವನು ಎರಡು ಸಲ ಎಣ್ಣೆ ಬಿಟ್ಟು
"ಗಡಿಯಾರಕ್ಕೇನೂ ಆಗಿಲ್ಲ ಸ್ವಾಮಿ,
ಮನೇಲಿ ವಿಚಾರಿಸಿ" ಅಂದ.

ವಿಚಾರಣೆ ವಹಿಸಿಕೊಂಡವಳು ಮೇದಿನಿ.
ಅಣ್ಣನ ಮಗಳು, ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ.
ಹಳೇ ಲೆಕ್ಕದ ಪುಸ್ತಕದ ಉಳಿದ ಹಾಳೆ,
ಅಪ್ಪ ಪಂಚಾಂಗ ನೋಡುವ ಭೂತಗನ್ನಡಿ,
ಕಿವಿಗೆ ಸಿಕ್ಕಿಸಿದ ಗಿಡ್ಡ ಪೆನ್ಸಿಲು.
"ಯಾರೂ ಊರು ಬಿಡಬಾರದು" ಅಂದಳು.
ಅಮ್ಮ ನಂಜನಗೂಡಿಗೆ ಹೋಗಿಬರಲು
ಅಪ್ಪಣೆ ಕೇಳಬೇಕಾಯಿತು.

ಮೊದಲ ಅನುಮಾನ ಹೆತ್ತವಳ ಮೇಲೇ:
ಅಣ್ಣನನ್ನು ಬೇಗ ಎಬ್ಬಿಸಲು ಅತ್ತಿಗೆ ಏನು ಬೇಕಾದರೂ ಮಾಡಿಯಾಳು.
ಎರಡನೆಯದು, ಗಡಿಯಾರದ ಹಿಂದೆ ಸಂಸಾರ ಹೂಡಿದ್ದ ಹಲ್ಲಿ.
ನನ್ನ ಹೆಸರಿನ ಮುಂದೆ
"ಅತ್ತೆ ಒಳ್ಳೆಯವಳು" ಎಂದು ಬರೆದು ಅಡಿಗೆರೆ ಎಳೆದಿದ್ದಳು.

ಭಾನುವಾರ ಮಧ್ಯಾಹ್ನ, ಮನೆಯೆಲ್ಲ ಊಟದ ಮಂಪರಿನಲ್ಲಿದ್ದಾಗ
ಗಡಿಯಾರದ ಕೆಳಗಿನ ಸ್ಟೂಲಿಗೆ
ನನ್ನದೇ ಗಂಧದ ಪೌಡರು ತೆಳ್ಳಗೆ ಉದುರಿಸಿ
ಮಂಚದ ಕೆಳಗೆ ಕಾವಲು ಕೂತಳಂತೆ.
ಅಲ್ಲೇ ನಿದ್ದೆಯೂ ಹೋದಳಂತೆ.

ನಾಲ್ಕಕ್ಕೆ ಬರುತ್ತೇವೆ ಎಂದ ಗಂಡಿನ ಕಡೆಯವರು
ಯಾರು ತಾನೇ ನಾಲ್ಕಕ್ಕೆ ಬರುತ್ತಾರೆ.
ಮಂಡ್ಯದವರು, ಹುಡುಗ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ.
ಚಪ್ಪಲಿ ಬಿಡುತ್ತಲೇ ಅವನ ಸೋದರಮಾವ ತಲೆಯೆತ್ತಿ
"ಅಯ್ಯೋ, ನಾಲ್ಕೂವರೆ ದಾಟಿತಲ್ಲ, ರಾಹುಕಾಲ!" ಅಂದ.
ಕೈಗಡಿಯಾರ ನೋಡಿಕೊಂಡ. ಮತ್ತೆ ಗೋಡೆ ನೋಡಿದ.
ರೈಲ್ವೆಯವರ ಮನೆ ಗಡಿಯಾರ ತಪ್ಪುವುದುಂಟೇ?
ತನ್ನದನ್ನೇ ತಿರುಗಿಸಿ ಸರಿಮಾಡಿಕೊಂಡ.
ಉಪ್ಪಿಟ್ಟಾಯಿತು, ರಸಬಾಳೆ ಆಯಿತು, ಕಾಫಿ ಆಯಿತು.
ಮಾತು ಮಾತ್ರ ಆಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದರು.
ಮೂರನೆಯ ಗಂಡು ಅದು. ಮೂರು ಭಾನುವಾರ.

ಸಂಜೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ
ನನ್ನನ್ನು ಕೂರಿಸಿ, ತಾನು ನಿಂತೇ ಹೇಳಿದಳು:
"ಪೌಡರಿನ ಮೇಲೆ ಬಲಗಾಲು ಬಿದ್ದಿದೆ.
ಅಮ್ಮಂದಲ್ಲ. ಅಜ್ಜೀದೂ ಅಲ್ಲ.
ಅವರದಾದ್ರೆ ಎರಡನೇ ಬೆರಳ ಹತ್ರ
ಕಾಲುಂಗುರ ಒತ್ತಿರುತ್ತೆ.
ಇದರಲ್ಲಿ ಉಂಗುರ ಇಲ್ಲ."

ನಾನು ಪಾದವನ್ನು ಸೀರೆಯೊಳಗೆ ಎಳೆದುಕೊಂಡೆ.
ಹಿಮ್ಮಡಿ ಇನ್ನೂ ಬೆಳ್ಳಗಿತ್ತು.

"ಯಾಕೆ? ಉಪ್ಪಿಟ್ಟು ಕೆದಕೋಕೆ ಬೇಜಾರಾ?"
ಹೂಂ ಅಂದೆ.
"ಸುಳ್ಳು" ಎಂದು ಬರೆದುಕೊಂಡಳು.
ಟೈಪಿಂಗ್ ಸೀನಿಯರ್ ಪರೀಕ್ಷೆಗೆ ಇನ್ನೆರಡು ತಿಂಗಳು,
ಬೆರಳು ಈಗಷ್ಟೇ ನೋಡದೆ ಓಡಲು ಕಲಿತಿವೆ,
ಈಗ ಹೊರಡೆಂದರೆ ಎಲ್ಲಿಗೆ ಹೊರಡಲಿ ಎಂದು
ಏಳು ವರ್ಷದವಳಿಗೆ ಹೇಗೆ ಹೇಳುವುದು.
ಹೇಳಿದೆ.
ಅವಳು ಬರೆಯುವುದು ನಿಲ್ಲಿಸಿ
ಪೆನ್ಸಿಲಿನ ತುದಿ ಜಗಿದಳು, ಬಹಳ ಹೊತ್ತು.

ರಾತ್ರಿ ಎಲೆಯ ಮುಂದೆ ಕೂತಾಗ ವರದಿ ಓದಿದಳು:
"ಅಪರಾಧಿ, ಹಲ್ಲಿ. ಬಾಲದಲ್ಲಿ ಮುಳ್ಳು ತಳ್ಳುತ್ತೆ."
ನಗಬೇಕೋ ಗದರಬೇಕೋ ತಿಳಿಯದೆ
ಅಪ್ಪ ಸಾರಿನ ಸೌಟು ಹಿಡಿದರು.
ಆಗ ಗಡಿಯಾರದ ಹಿಂದಿನಿಂದ
ಲೊಚ್, ಲೊಚ್, ಲೊಚ್.
ಅಮ್ಮ ನೆಲಕ್ಕೆ ಬೆರಳು ತಟ್ಟಿ
"ಕೃಷ್ಣ ಕೃಷ್ಣ, ಕೇಳಿದ್ರಾ, ಸತ್ಯ!" ಎಂದರು.
ಕೇಸು ಅಲ್ಲಿಗೆ ಮುಗಿಯಿತು.

ಮುಂದಿನ ಭಾನುವಾರ ಹುಣಸೂರಿನವರು ಬರುವವರಿದ್ದರು.
ಎಲ್ಲರೂ ಮಲಗಿದ ಮೇಲೆ ನಾನು ಮೆಲ್ಲಗೆ ನಡುಮನೆಗೆ ಬಂದರೆ
ಗಡಿಯಾರ ಆಗಲೇ ಇಪ್ಪತ್ತು ನಿಮಿಷ ಮುಂದಿದೆ.
ಕೆಳಗೆ ಸ್ಟೂಲು,
ಸ್ಟೂಲಿನ ಮೇಲೆ ಮಣೆ,
ಮಣೆಯ ಮೇಲೆ ಹಳೇ ಲೆಕ್ಕದ ಪುಸ್ತಕ.